ಗುಣವಂತರಾಗುವುದು ಅಂದರೆ ಏನು? ಪದೇ ಪದೇ ಕೇಳುವ ಪ್ರಶ್ನೆಗಳು

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಶಾಲೆಗಳಲ್ಲಿ, ಗ್ರಂಥಾಲಯಗಳಲ್ಲಿ, ಕೆಲವೊಮ್ಮೆ ತಾಳಮದ್ದಳೆ ಮುಗಿದ ಮೇಲೆ ಚಹಾ ಕುಡಿಯುತ್ತಾ ಜನ ಕೇಳುವ ಪ್ರಶ್ನೆಗಳು ಇವು. ಉತ್ತರಗಳಲ್ಲಿ ಗ್ರೀಕರ ವಿಚಾರ ಇದೆ, ವಚನಕಾರರದ್ದು ಇದೆ, ನಮ್ಮ ಕಾಸರಗೋಡಿನ ಬದುಕೂ ಇದೆ. ನನ್ನ ಅಭಿಪ್ರಾಯ ಬಂದ ಕಡೆ ಅದು ನನ್ನದು ಅಂತಲೇ ಹೇಳಿದ್ದೇನೆ.

ಸದ್ಗುಣ ಅಂದರೆ ಸರಳವಾಗಿ ಏನು?

ಮನುಷ್ಯನಲ್ಲಿ ಬೇರೂರಿದ ಒಳ್ಳೆಯ ನಡೆ. ಒಂದು ದಿನ ಮಾಡಿದ ಒಳ್ಳೆ ಕೆಲಸಕ್ಕೆ ಆ ಹೆಸರು ಕೊಡಲು ಆಗುವುದಿಲ್ಲ. ಜಾತ್ರೆಗೆ ದೊಡ್ಡ ಮೊತ್ತ ಚಂದಾ ಕೊಟ್ಟವರು ಉದಾರಿಗಳೇ ಇರಬಹುದು. ಫ್ಲೆಕ್ಸಿನಲ್ಲಿ ಫೋಟೋ ಬರಲಿ ಅಂತ ಕೊಟ್ಟಿರಲೂಬಹುದು. ಬರೀ ರಶೀದಿ ನೋಡಿ ಅದನ್ನು ಹೇಳಲಾಗದು.

ಈ ವಿಚಾರವನ್ನು ತುಂಬ ಬಿಡಿಸಿ ಹೇಳಿದವನು ಅರಿಸ್ಟಾಟಲ್ (ಕ್ರಿ.ಪೂ. 384–322). ಅವನು ಮೂರು ಷರತ್ತು ಹಾಕುತ್ತಾನೆ. ತಾನು ಏನು ಮಾಡುತ್ತಿದ್ದೇನೆ ಅಂತ ಮಾಡುವವನಿಗೆ ಗೊತ್ತಿರಬೇಕು. ಅದು ಒಳ್ಳೆಯದು ಎಂಬ ಕಾರಣಕ್ಕೇ ಅದನ್ನು ಆರಿಸಿಕೊಂಡಿರಬೇಕು. ಇವತ್ತು ಹೀಗೆ, ನಾಳೆ ಹಾಗೆ ಅಂತ ಅಲ್ಲಾಡದ ಸ್ವಭಾವದಿಂದ ಅದು ಬಂದಿರಬೇಕು.

ಮೂರನೆಯದನ್ನು ನಾನು ನಮ್ಮ ಅತ್ತೆಯಲ್ಲಿ ನೋಡಿದ್ದೇನೆ. ಸುಲಿದ ಅಡಿಕೆ ಅಂಗಳದಲ್ಲಿ ರಾಶಿ ಬಿದ್ದಿರುತ್ತದೆ. ಅತ್ತೆ ಗೋಣಿ ಹಾಸಿ ಹೆಕ್ಕಲು ಕೂರುತ್ತಾರೆ. ಒಳ್ಳೆಯ ಅಡಿಕೆ, ಅಂದರೆ ಚಾಲಿ, ಒಂದು ಕಡೆ, ಒಡೆದ ಪಟೋರ ಇನ್ನೊಂದು ಕಡೆ, ಕಪ್ಪಾದ ಕೋಕ ಬೇರೆ ಬುಟ್ಟಿಗೆ. ಟೊಳ್ಳು ಯಾವುದು ಅಂತ ಕೈಗೆ ಸಿಕ್ಕಿದ ತೂಕದಲ್ಲೇ ಅವರಿಗೆ ತಿಳಿಯುತ್ತದೆ. ಚಾಲಿ ಗೋಣಿಯ ಅಡಿಯಲ್ಲಿ ಎರಡು ಕಿಲೋ ಪಟೋರ ಸೇರಿಸಿದರೆ ಅಂಗಡಿಯವರಿಗೆ ಕೂಡಲೇ ಕಾಣುವುದಿಲ್ಲ. ಅತ್ತೆಗೆ ಆ ಯೋಚನೆಯೇ ಬರುವುದಿಲ್ಲ. ‘ಸೇರಿಸಬಾರದು’ ಅಂತ ಅವರು ತಮ್ಮನ್ನು ತಾವು ತಡೆದುಕೊಳ್ಳುವುದೂ ಇಲ್ಲ. ಮಾತಾಡುತ್ತಾ, ಮೊಮ್ಮಗನನ್ನು ಗದರುತ್ತಾ ಇದ್ದರೂ ಕೋಕ ಸಿಕ್ಕಿದ ಕೂಡಲೇ ಕೈ ಬುಟ್ಟಿಯ ಕಡೆ ಹೋಗಿರುತ್ತದೆ. ಪ್ರಾಮಾಣಿಕತೆ ಬೇರೂರಿದೆ ಅಂದರೆ ಇದು.

ಕೆಲಸದಲ್ಲಿ ಪಳಗಿರುವುದೂ ಒಂದು ಗುಣವೇ ಅಲ್ವಾ?

ಎರಡೂ ಅಭ್ಯಾಸದಿಂದಲೇ ಬರುತ್ತವೆ. ಹಾಗಾಗಿ ಈ ಗೊಂದಲ. ನಮ್ಮಲ್ಲಿ ಸುರಂಗ ಅಗೆಯುವವರನ್ನೇ ತೆಗೆದುಕೊಳ್ಳಿ. ಗುಡ್ಡದ ಮುರಕಲ್ಲನ್ನು ಪಿಕಾಸಿನಲ್ಲಿ ಕಡಿಯುತ್ತಾ, ಒಬ್ಬ ಮನುಷ್ಯ ನುಸುಳುವಷ್ಟೇ ಅಗಲದ ದಾರಿ ಮಾಡಿಕೊಂಡು, ನೀರು ಸಿಗುವ ತನಕ ಒಳಗೆ ಒಳಗೆ ಹೋಗುತ್ತಾರೆ. ಪಕ್ಕದಲ್ಲಿ ಹಚ್ಚಿಟ್ಟ ಮೇಣದಬತ್ತಿ ಆರಿದರೆ ಗಾಳಿ ಸಾಲದು ಅಂತ ಅರ್ಥ, ಹೊರಗೆ ಬರಬೇಕು. ಮಣ್ಣಿನ ತೇವ ನೋಡಿ ನೀರಿನ ದಿಕ್ಕು ಹಿಡಿಯುವುದು ಸಣ್ಣ ವಿದ್ಯೆಯೇನಲ್ಲ.

ಈಗ ಹೀಗೆ ಇಟ್ಟುಕೊಳ್ಳಿ. ಅಗೆಯುತ್ತಾ ಹೋದ ಹಾಗೆ, ಇಲ್ಲಿ ನೀರು ಸಿಗುವುದಿಲ್ಲ ಅಂತ ಅವರಿಗೆ ಖಾತ್ರಿಯಾಗುತ್ತದೆ. ತೋಟದ ಯಜಮಾನರಿಗೆ ಅದು ಗೊತ್ತಿಲ್ಲ. ಇನ್ನೂ ಹತ್ತು ದಿನ ಕಡಿದರೆ ಹತ್ತು ದಿನದ ಮಜೂರಿ. ‘ಇಲ್ಲಿ ಆಗುವುದಿಲ್ಲ ಅಣ್ಣ, ನಿಲ್ಲಿಸುವ’ ಅಂತ ಆ ದಿನವೇ ಹೇಳಿದರೆ ಅದು ಗುಣ. ಸುಮ್ಮನೆ ಕಡಿಯುತ್ತಾ ಹೋದರೆ ಅವರ ವಿದ್ಯೆಗೆ ಏನೂ ಕಡಿಮೆಯಾಗುವುದಿಲ್ಲ, ಕಡಿಮೆಯಾಗುವುದು ಬೇರೆ ಏನೋ. ಅರಿಸ್ಟಾಟಲ್ ಇದನ್ನು ಸರಿಯಾಗಿ ಹಿಡಿದಿದ್ದಾನೆ. ಕಸುಬಿನಲ್ಲಿ ಬೇಕಂತಲೇ ತಪ್ಪು ಮಾಡುವವನು ಗೊತ್ತಿಲ್ಲದೆ ತಪ್ಪು ಮಾಡುವವನಿಗಿಂತ ವಾಸಿ, ಯಾಕೆಂದರೆ ಅವನಿಗೆ ಕೆಲಸ ಬರುತ್ತದೆ. ಗುಣದ ಲೆಕ್ಕದಲ್ಲಿ ಇದು ತಿರುವುಮುರುವು.

‘ಹುಟ್ಟುಗುಣ ಸುಟ್ಟರೂ ಹೋಗದು’ ಅಂತಾರಲ್ಲ? ಮತ್ತೆ ಕಲಿಯುವುದೇನು?

ಗಾದೆಯಲ್ಲಿ ಸ್ವಲ್ಪ ನಿಜ ಇದೆ. ಕೆಲವು ಮಕ್ಕಳು ಸಣ್ಣದರಲ್ಲೇ ಸಿಟ್ಟಿನವರು, ಕೆಲವರು ಮೆತ್ತಗಿನವರು. ಆದರೆ ಅವೆಲ್ಲ ಕೈಗೆ ಸಿಕ್ಕಿದ ಸಾಮಾನು ಮಾತ್ರ. ಮೆತ್ತಗಿನ ಸ್ವಭಾವದ ಹುಡುಗ ಮುಂದೆ ದಯೆಯುಳ್ಳವನಾಗಬಹುದು. ತಪ್ಪನ್ನು ಕಂಡರೂ ಬಾಯಿ ಬಿಡದ ಹೇಡಿಯೂ ಆಗಬಹುದು.

ಚೆಂಡೆ ಕಲಿಯುವ ಹಾಗೆಯೇ ಇದು ಕೂಡ. ಬಾರಿಸಿ ಬಾರಿಸಿಯೇ ಚೆಂಡೆ ಬರುತ್ತದೆ. ತಪ್ಪಾಗಿ ಬಾರಿಸುತ್ತಾ ಹೋದರೆ ತಪ್ಪೇ ಕೈಗೆ ಹತ್ತುತ್ತದೆ. ಅದಕ್ಕೇ ಗುರು ಹತ್ತಿರ ಇರಬೇಕು. ನ್ಯಾಯವಾಗಿ ನಡೆದು ನಡೆದು ನ್ಯಾಯವಂತರಾಗುತ್ತೇವೆ, ಧೈರ್ಯದ ಕೆಲಸ ಮಾಡಿ ಮಾಡಿ ಧೈರ್ಯವಂತರಾಗುತ್ತೇವೆ ಅನ್ನುವುದು ಅರಿಸ್ಟಾಟಲ್‌ನ ವಾದ. ವಾದ್ಯದ ಉದಾಹರಣೆ ಕೂಡ ಅವನದ್ದೇ. ಅವನು ಲೈರ್ ಎಂಬ ತಂತಿವಾದ್ಯ ಹೇಳಿದ್ದ, ನಾನು ಚೆಂಡೆ ಹೇಳಿದೆ.

ಒಟ್ಟು ಎಷ್ಟು ಗುಣಗಳಿವೆ? ಒಂದು ಪಟ್ಟಿ ಕೊಡಬಹುದಾ?

ಒಬ್ಬೊಬ್ಬರದ್ದು ಒಂದೊಂದು ಪಟ್ಟಿ. ಪ್ಲೇಟೋ ನಾಲ್ಕು ಹೇಳಿದ: ವಿವೇಕ, ಧೈರ್ಯ, ಸಂಯಮ, ನ್ಯಾಯ. ಕ್ರೈಸ್ತ ಪಂಡಿತರು ಇದಕ್ಕೆ ನಂಬಿಕೆ, ಭರವಸೆ, ಪ್ರೀತಿ ಸೇರಿಸಿ ಏಳು ಮಾಡಿದರು. ಬೌದ್ಧರಲ್ಲಿ ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ ಅಂತ ನಾಲ್ಕು. ಗೀತೆಯ 16ನೇ ಅಧ್ಯಾಯದ ಪಟ್ಟಿ ಅಭಯದಿಂದ ಶುರುವಾಗುತ್ತದೆ. ಹೊಸೂರು, ತಾಳವಾಡಿ ಕಡೆಯ ನಮ್ಮ ಕನ್ನಡಿಗರಿಗೆ ಪರಿಚಯವಿರುವ ತಮಿಳಿನ ತಿರುಕ್ಕುರಳ್‌ನ 133 ಅಧ್ಯಾಯಗಳಲ್ಲಿ ಮೊದಲ 38 ಅರಂ, ಅಂದರೆ ಧರ್ಮ, ಎಂಬ ಭಾಗಕ್ಕೆ ಸೇರಿದವು.

ನನಗೆ ಹತ್ತಿರವಾದದ್ದು ಬಸವಣ್ಣನವರ ಏಳು ‘ಬೇಡ’ಗಳು. ‘ಕಳಬೇಡ, ಕೊಲಬೇಡ’ ಅಂತ ಶುರುವಾಗುವ ಆ ವಚನ ಎಲ್ಲರಿಗೂ ಬಾಯಿಪಾಠ. ಆದರೆ ಅದು ಹೋಗುವ ದಾರಿ ಗಮನಿಸಿದ್ದೀರಾ? ಮೊದಲ ಎರಡು ಕೈಯ ಕೆಲಸ. ಮೂರನೆಯದು ನಾಲಿಗೆ, ಸುಳ್ಳು ಹೇಳಬೇಡ. ಆಮೇಲೆ ಸಿಟ್ಟು ಮಾಡಬೇಡ, ಬೇರೆಯವರ ಮೇಲೆ ಅಸಹ್ಯ ಪಡಬೇಡ. ಇವು ಮನಸ್ಸಿನೊಳಗಿನವು, ಯಾವ ಪೊಲೀಸರೂ ಹಿಡಿಯಲಾರರು. ಕೊನೆಗೆ ಮತ್ತೆ ನಾಲಿಗೆಗೆ ಬರುತ್ತಾರೆ: ತನ್ನನ್ನು ಹೊಗಳಿಕೊಳ್ಳಬೇಡ, ಎದುರಿನವರನ್ನು ಹಳಿಯಬೇಡ. ಕೊಲೆಯನ್ನೂ ಸ್ವಂತ ಹೊಗಳಿಕೆಯನ್ನೂ ಒಂದೇ ಉಸಿರಲ್ಲಿ ಹೇಳಿದ್ದಾರೆ. ಹನ್ನೆರಡನೇ ಶತಮಾನದಲ್ಲಿ, ಅಷ್ಟು ಸಣ್ಣ ವಚನದಲ್ಲಿ, ನಡತೆಯೂ ಭಾವನೆಯೂ ಒಂದೇ ಅಂತ ತೋರಿಸಿದ್ದು ದೊಡ್ಡ ಸಂಗತಿ.

ಗುಣ ಅಂದರೆ ‘ಅತಿ ಬೇಡ, ನಡುದಾರಿ ಸಾಕು’ ಅಂತಲಾ? ಅದು ರಾಜಿ ಅನ್ನಿಸುತ್ತದೆ.

ತುಂಬ ಜನ ಹೀಗೇ ತಿಳಿದುಕೊಂಡಿದ್ದಾರೆ. ಧೈರ್ಯ ಅನ್ನುವುದು ಹೇಡಿತನಕ್ಕೂ ಹುಂಬತನಕ್ಕೂ ನಡುವೆ ಇದೆ, ಉದಾರತೆ ಜಿಪುಣತನಕ್ಕೂ ದುಂದಿಗೂ ನಡುವೆ ಇದೆ ಅಂತ ಅರಿಸ್ಟಾಟಲ್ ಹೇಳಿದ್ದು ಹೌದು. ಆದರೆ ಆ ನಡು ಅಳತೆ ಕೋಲಿನ ನಡು ಅಲ್ಲ. ಮಿಲೋ ಎಂಬ ಕುಸ್ತಿಪಟುವಿಗೆ ಸಾಕಾಗುವ ಊಟ ಹೊಸದಾಗಿ ಅಭ್ಯಾಸ ಶುರು ಮಾಡಿದವನಿಗೆ ಜಾಸ್ತಿಯಾಗುತ್ತದೆ ಅಂತ ಅವನೇ ಉದಾಹರಣೆ ಕೊಟ್ಟಿದ್ದಾನೆ. ಯಾರ ಮೇಲೆ, ಯಾವಾಗ, ಎಷ್ಟು, ಯಾವ ರೀತಿ ಅನ್ನುವುದೆಲ್ಲ ಸರಿಯಾಗಿ ಕೂಡಿದ ಜಾಗ ಅದು. ಕೆಲವು ಸಲ ಅಲ್ಲಿಗೆ ಹೋಗಬೇಕಾದರೆ ಊರೇ ಸುಮ್ಮನಿರುವಾಗ ಒಬ್ಬರೇ ಎದ್ದು ನಿಲ್ಲಬೇಕಾಗುತ್ತದೆ.

ನಮ್ಮ ಜಿಲ್ಲೆಯಲ್ಲೇ ಇದಕ್ಕೆ ಉದಾಹರಣೆ ಇದೆ. 1970ರ ದಶಕದ ಕೊನೆಯಿಂದ 2000ದ ತನಕ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಎಣ್ಮಕಜೆಯ ವಾಣೀನಗರದಲ್ಲಿ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮ ಬಳಿ ಬರುವ ರೋಗಿಗಳಲ್ಲಿ ಏನೋ ಹೆಚ್ಚುಕಮ್ಮಿ ಇದೆ ಅಂತ ಗಮನಿಸಿ ಅದನ್ನು ಹೊರಗಿನವರ ಕಿವಿಗೆ ಹಾಕಿದರು. ಪತ್ರಕರ್ತ ಶ್ರೀ ಪಡ್ರೆ ಬರೆದರು. ಪೆರಿಯದಲ್ಲಿ ಲೀಲಾಕುಮಾರಿ ಅಮ್ಮ 1998ರಲ್ಲಿ ಕೋರ್ಟಿಗೆ ಹೋದರು. ಅವರು ಸ್ವತಃ ಕೃಷಿ ಇಲಾಖೆಯ ಉದ್ಯೋಗಿ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲಿ ಎಂಡೋಸಲ್ಫಾನಿಗೆ ತಡೆ ಹಾಕಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು.

ಇವರಲ್ಲಿ ಯಾರೂ ಕೂಗಾಡಿ ಹೆಲಿಕಾಪ್ಟರಿಗೆ ಕಲ್ಲು ಹೊಡೆಯಲು ಹೋಗಲಿಲ್ಲ, ಯಾರೂ ಕೈಕಟ್ಟಿ ಕೂರಲೂ ಇಲ್ಲ. ಡಾಕ್ಟರಿಗೆ ನಡುದಾರಿ ಅಂದರೆ ಕಂಡದ್ದನ್ನು ಮುಚ್ಚಿಡದೆ ಹೇಳುವುದು. ಪತ್ರಕರ್ತರಿಗೆ ಬರೆಯುವುದು. ಸರ್ಕಾರಿ ಉದ್ಯೋಗಿಗೆ ವಕೀಲರ ಬಾಗಿಲು ತಟ್ಟುವುದು. ಒಂದೇ ಧೈರ್ಯ, ಮೂರು ರೂಪ. ಇದನ್ನು ರಾಜಿ ಅನ್ನಲು ಸಾಧ್ಯವಾ?

ಕರ್ಣ ಗುಣವಂತನಾ?

ಈ ಪ್ರಶ್ನೆ ಬಂದರೆ ಇಲ್ಲಿ ಚಹಾ ತಣ್ಣಗಾಗುತ್ತದೆ. ಕುಂಬಳೆ ಸೀಮೆಯವರಿಗೆ ಯಕ್ಷಗಾನ ಹೊಸತಲ್ಲ. ಅದರದ್ದೇ ಮಾತಿನ ರೂಪ ತಾಳಮದ್ದಳೆ. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಭಾಗವತರ ಪದ್ಯ ಮುಗಿದ ಕೂಡಲೇ ಅರ್ಥಧಾರಿ ತನ್ನ ಪಾತ್ರದ ಪರವಾಗಿ ಮಾತಿಗೆ ಇಳಿಯಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದ ಹಿರಿಯರು, ರಾಮ ಉತ್ತರ ಕೊಡುವ ತನಕ ವಾಲಿಯ ಪಕ್ಷವೇ ಸರಿ ಅನ್ನಿಸುತ್ತಿತ್ತು ಅಂತ ಈಗಲೂ ಹೇಳುತ್ತಾರೆ. ನೀತಿಯ ಪ್ರಶ್ನೆಗಳನ್ನು ಎರಡೂ ಕಡೆಯಿಂದ ಬಿಡಿಸುವ ಇಂಥ ಪಾಠಶಾಲೆ ಬೇರೆ ಎಲ್ಲಿದೆ?

ಕರ್ಣನ ಪರವಾಗಿ ಹೇಳಲು ಬೇಕಾದಷ್ಟಿದೆ. ಮೈಗೆ ಅಂಟಿದ ಕವಚ, ಕುಂಡಲ ಕಿತ್ತು ಇಂದ್ರನಿಗೆ ಕೊಟ್ಟ. ನೀನೇ ಪಾಂಡವರ ಹಿರಿಯ, ಬಾ ಅಂತ ಕೃಷ್ಣ ಕರೆದಾಗ ಅನ್ನದ ಋಣ ಬಿಟ್ಟು ಹೋಗಲಿಲ್ಲ. ಕುಂತಿಗೆ ಕೊಟ್ಟ ಮಾತು ಉಳಿಸಿಕೊಂಡ. ದಾನ, ನಿಷ್ಠೆ, ಧೈರ್ಯ ಮೂರೂ ನಿಜವಾದವು.

ಆದರೆ ದ್ಯೂತದ ಸಭೆಗೆ ಬನ್ನಿ. ದ್ರೌಪದಿಯ ಪ್ರಶ್ನೆಗೆ ಭೀಷ್ಮ, ದ್ರೋಣರೂ ಸರಿಯಾದ ಉತ್ತರ ಕೊಡದೆ ಇದ್ದಾಗ, ಕೌರವರಲ್ಲೇ ಒಬ್ಬನಾದ ವಿಕರ್ಣ ಎದ್ದು ಇದು ಅನ್ಯಾಯ ಅಂದ. ಅವನನ್ನು ‘ನೀನಿನ್ನೂ ಹುಡುಗ’ ಅಂತ ಗದರಿ ಕೂರಿಸಿದ್ದು ಯಾರು? ಕರ್ಣ. ಯಾಚಿಸಲು ಬಂದವರೆಲ್ಲ ಅವನ ಕಣ್ಣಿಗೆ ಬೀಳುತ್ತಿದ್ದರು. ಎದುರಿಗೇ ನಿಂತು ನ್ಯಾಯ ಯಾಚಿಸಿದ ಹೆಂಗಸು ಬೀಳಲಿಲ್ಲ.

ವಿವೇಕ ಇದ್ದವನಿಗೆ ಉಳಿದ ಗುಣಗಳೂ ಜೊತೆಗೇ ಇರುತ್ತವೆ, ಬಿಡಿ ಬಿಡಿಯಾಗಿ ಸಿಗುವುದಿಲ್ಲ ಅಂತ ಅರಿಸ್ಟಾಟಲ್ ವಾದಿಸಿದ. ನನಗೆ ಅದು ಸ್ವಲ್ಪ ಜಾಸ್ತಿಯಾಯಿತು ಅನ್ನಿಸುತ್ತದೆ. ಕರ್ಣನ ದಾನ ಸುಳ್ಳಲ್ಲ. ಆದರೆ ನೋಡುವ ಕಣ್ಣು ಕೆಟ್ಟರೆ ಎಷ್ಟು ದೊಡ್ಡ ದಾನಿಯೂ ಕೆಟ್ಟ ಕೆಲಸಕ್ಕೆ ಹೆಗಲು ಕೊಡುತ್ತಾನೆ. ವಿಕರ್ಣನ ಹೆಸರಿನಲ್ಲಿ ದೊಡ್ಡ ದಾನವೇನೂ ಇಲ್ಲ. ಆ ಒಂದು ಗಳಿಗೆಯಲ್ಲಿ ಅವನಿಗೆ ಕಂಡದ್ದು ಕರ್ಣನಿಗೆ ಕಾಣಲಿಲ್ಲ. ಗುಣದಲ್ಲಿ ಮೊದಲು ಬೇಕಾದದ್ದು ಕಾಣುವ ಶಕ್ತಿ ಅಂತ ನನ್ನ ನಂಬಿಕೆ. ಡಾಕ್ಟರು ಎಂಡೋಸಲ್ಫಾನಿನ ವಿಷಯದಲ್ಲಿ ಮೊದಲು ಮಾಡಿದ್ದೂ ಅದನ್ನೇ.

ಮನಸ್ಸಿಲ್ಲದೆ, ಕರ್ತವ್ಯ ಅಂತ ಮಾಡಿದರೆ ಅದಕ್ಕೆ ಬೆಲೆ ಇಲ್ಲವಾ?

ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುವ ಹೆಂಗಸರೇ ಇದನ್ನು ಜಾಸ್ತಿ ಕೇಳುತ್ತಾರೆ. ಕೇಳುವಾಗ ಧ್ವನಿ ತಗ್ಗಿರುತ್ತದೆ. ರಾತ್ರಿ ಎರಡು ಗಂಟೆಗೆ ಎದ್ದು ಮಾವನ ಹಾಸಿಗೆ ಬಟ್ಟೆ ಬದಲಿಸಬೇಕು. ಮಗ್ಗುಲು ತಿರುಗಿಸಿ, ಒರೆಸಿ, ಪೌಡರ್ ಹಾಕಿ, ಮಲಗಿಸಬೇಕು. ಮಾವನಿಗೆ ನೆನಪಿಲ್ಲ, ಬೈಯುತ್ತಾರೆ. ಮಾಡುತ್ತೇನೆ, ಆದರೆ ಒಳಗೊಳಗೆ ಬೇಸರ, ಸಿಟ್ಟು. ನಾನು ಕೆಟ್ಟವಳಾ ಅಂತ ಅವರ ಪ್ರಶ್ನೆ.

ಇಲ್ಲಿ ದೊಡ್ಡವರಲ್ಲೇ ಎರಡು ಮಾತಿದೆ. ಅರಿಸ್ಟಾಟಲ್ ಪ್ರಕಾರ ಖುಷಿಯಿಂದ ಒಳ್ಳೆಯದು ಮಾಡುವವನು ಒಂದು ಮೆಟ್ಟಿಲು ಮೇಲೆ, ಒಳಗೆ ಗುದ್ದಾಡಿ ಗೆದ್ದು ಮಾಡುವವನು ಅವನಿಗಿಂತ ಕೆಳಗೆ. ಜರ್ಮನಿಯ ಕಾಂಟ್ 1785ರಲ್ಲಿ ಬೇರೆಯದನ್ನೇ ಹೇಳಿದ. ಮನಸ್ಸು ಬತ್ತಿಹೋಗಿರುವಾಗಲೂ ಕರ್ತವ್ಯ ಅಂತ ನೆರವಾದವನ ಕೆಲಸದಲ್ಲೇ ನೈತಿಕ ಬೆಲೆ ಚೆನ್ನಾಗಿ ಕಾಣುವುದು ಅಂತ.

ನನಗೆ ಈ ವಿಷಯದಲ್ಲಿ ಕಾಂಟ್ ಹೆಚ್ಚು ಕರುಣಾಳು ಅನ್ನಿಸುತ್ತಾನೆ. ಅರಿಸ್ಟಾಟಲ್ ರಾತ್ರಿ ಎರಡು ಗಂಟೆಗೆ ಯಾರ ಹಾಸಿಗೆ ಬದಲಿಸಿದ್ದಾನೋ ಗೊತ್ತಿಲ್ಲ. ಅವನ ಕಾಲದ ಮನೆಗಳಲ್ಲಿ ಆ ಕೆಲಸಕ್ಕೆ ಹೆಂಗಸರೂ ಗುಲಾಮರೂ ಇದ್ದರು, ಅವರಿಬ್ಬರ ಬಗ್ಗೆಯೂ ಅವನು ನ್ಯಾಯವಾಗಿ ಬರೆಯಲಿಲ್ಲ. ನಿದ್ದೆಗೆಟ್ಟ ದೇಹಕ್ಕೆ ಬೇಸರ ಬಂದರೆ ಅದು ಗುಣದ ಕೊರತೆ ಅಲ್ಲ, ನಿದ್ದೆಯ ಕೊರತೆ. ಆ ಮನೆಯಲ್ಲಿ ಗುಣದ ಪ್ರಶ್ನೆ ಕೇಳಬೇಕಾದದ್ದು ಪಕ್ಕದ ಕೋಣೆಯಲ್ಲಿ ನಿದ್ದೆ ಮಾಡುವವರನ್ನು.

ದೇವರ, ದೈವದ ಹೆದರಿಕೆ ಇಲ್ಲದಿದ್ದರೆ ಜನ ಒಳ್ಳೆಯವರಾಗಿ ಉಳಿಯುತ್ತಾರಾ?

ಕೋಲದ ದಿನ ದೈವದ ಎದುರು ಸುಳ್ಳು ಹೇಳಲು ನಾಲಿಗೆ ಏಳುವುದಿಲ್ಲ, ನಿಜ. ಎಷ್ಟೋ ಜಾಗದ ತಕರಾರು ಹಾಗೆ ಮುಗಿದಿವೆ. ಆ ನಂಬಿಕೆಯ ಮೇಲೆ ನನಗೆ ಗೌರವ ಇದೆ. ಆದರೆ ಹೆದರಿ ಸತ್ಯ ಹೇಳುವುದು ಮೊದಲ ಮೆಟ್ಟಿಲು ಅಷ್ಟೇ. ಪ್ಲೇಟೋ ಒಂದು ಕತೆ ಹೇಳುತ್ತಾನೆ: ತೊಟ್ಟು ತಿರುಗಿಸಿದರೆ ಮಾಯವಾಗಿಸುವ ಉಂಗುರ ಒಬ್ಬ ಕುರುಬನಿಗೆ ಸಿಗುತ್ತದೆ, ಅವನು ಅದನ್ನು ಹಿಡಿದು ರಾಜ್ಯವನ್ನೇ ಕಬಳಿಸುತ್ತಾನೆ. ಆ ಉಂಗುರ ಸಿಕ್ಕಿದರೆ ನೀವೇನು ಮಾಡುತ್ತೀರಿ? ಅಡಿಕೆ ಗೋಣಿಯ ಅಡಿ ಭಾಗ ದಿನವೂ ನಮಗೆ ಸಿಗುವ ಅಂಥ ಉಂಗುರ.

ಒಳ್ಳೆಯವರೂ ಕೆಲವೊಮ್ಮೆ ಕಣ್ಣು ಮುಚ್ಚಿ ದಾಟಿ ಹೋಗುತ್ತಾರಲ್ಲ, ಯಾಕೆ?

ಇದಕ್ಕೆ ಹೆಸರಾದ ಒಂದು ಪ್ರಯೋಗ ಇದೆ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ಮಾಡಿದ್ದು, 1973ರಲ್ಲಿ ಪ್ರಕಟವಾದದ್ದು. ಪಾದ್ರಿಗಳಾಗಲು ಓದುತ್ತಿದ್ದ 40 ಮಂದಿಯನ್ನು ಪಕ್ಕದ ಕಟ್ಟಡಕ್ಕೆ ಹೋಗಿ ಭಾಷಣ ಮಾಡಿ ಅಂತ ಕಳಿಸಿದರು. ಅವರಲ್ಲಿ ಕೆಲವರ ವಿಷಯ, ದಾರಿಯಲ್ಲಿ ಬಿದ್ದವನನ್ನು ಎತ್ತಿದ ಸಮಾರಿಯದವನ ಬೈಬಲ್ ಕತೆಯೇ. ದಾರಿಯಲ್ಲಿ ಒಬ್ಬ ಮನುಷ್ಯ ಕುಸಿದು ಕೂತು ಕೆಮ್ಮುತ್ತಿದ್ದ. ಅವಸರ ಇಲ್ಲದವರಲ್ಲಿ ನೂರಕ್ಕೆ 63 ಮಂದಿ ನೆರವಾದರು, ಸ್ವಲ್ಪ ಅವಸರ ಇದ್ದವರಲ್ಲಿ 45, ತುಂಬ ಅವಸರದವರಲ್ಲಿ 10. ಯಾವ ವಿಷಯದ ಭಾಷಣ ಅನ್ನುವುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ.

ಕೆಲವರು ಇದನ್ನು ಹಿಡಿದು ಗುಣ ಅನ್ನುವುದೇ ಇಲ್ಲ, ಎಲ್ಲ ಸಂದರ್ಭ ಅನ್ನುತ್ತಾರೆ. ಅಷ್ಟು ದೂರ ಹೋಗಬೇಕಾಗಿಲ್ಲ. ಅಷ್ಟು ಅವಸರದಲ್ಲೂ ಹತ್ತರಲ್ಲಿ ಒಬ್ಬ ನಿಂತನಲ್ಲ. ಇದರಿಂದ ನಾವು ಕಲಿಯಬೇಕಾದದ್ದು ಎರಡು. ಒಂದು, ಅವಸರ ಕಣ್ಣನ್ನು ಕಟ್ಟುತ್ತದೆ. ಎರಡು, ಒಳ್ಳೆಯತನಕ್ಕೆ ದಾರಿ ಸುಲಭ ಮಾಡಿಕೊಡುವುದೂ ನಮ್ಮದೇ ಕೆಲಸ. ತಲಪಾಡಿಯಿಂದ ಈಚೆ ಹೆದ್ದಾರಿಯಲ್ಲಿ ಬೈಕಿನವರು ಬಿದ್ದರೆ, ಪೊಲೀಸ್ ಕೇಸು ಸುತ್ತಿಕೊಳ್ಳುತ್ತದೆ ಅಂತ ಹಿಂದೆ ಜನ ಹೆದರುತ್ತಿದ್ದರು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ, ಒಳ್ಳೆ ಮನಸ್ಸಿನಿಂದ ನೆರವಾದವರಿಗೆ ಕಾನೂನಿನ ರಕ್ಷಣೆ ಕೊಟ್ಟಿದೆ. ಹೆಸರು, ವಿಳಾಸ ಹೇಳಲೇಬೇಕು ಅಂತ ಅವರನ್ನು ಒತ್ತಾಯಿಸುವ ಹಾಗಿಲ್ಲ. ದಯವಿಟ್ಟು ಇದನ್ನು ನಿಮ್ಮ ಮನೆಯ ಕಾಲೇಜು ಹುಡುಗರಿಗೆ ಹೇಳಿ.

ನಾವು ಗಡಿನಾಡ ಕನ್ನಡಿಗರು. ಭಾಷೆಯ ಅಭಿಮಾನ ಒಂದು ಗುಣವೇ?

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿಯ ಉತ್ತರದ ಭಾಗ ಕನ್ನಡ ನಾಡಿಗೆ ಸೇರಲಿ ಅಂದರೂ ಅದು ಕಾಗದದಲ್ಲೇ ಉಳಿಯಿತು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು (1915–2015) ನೂರು ವರ್ಷದ ಬದುಕಿನ ಕೊನೆಯ ತನಕ ಆ ಆಸೆ ಬಿಡಲಿಲ್ಲ. ಸೋತೆವು ಅಂತ ಕೈಚೆಲ್ಲಿ ಕೂರಲೂ ಇಲ್ಲ. ಮೇಷ್ಟ್ರಾಗಿ ಪಾಠ ಹೇಳಿದರು, ತೋಟ ಮಾಡಿದರು, ಕನ್ನಡದಲ್ಲೂ ತುಳುವಿನಲ್ಲೂ ಬರೆದರು. ಇದು ಛಲವೂ ಹೌದು, ತಾಳ್ಮೆಯೂ ಹೌದು.

ಅಭಿಮಾನ ಗುಣವಾಗುವುದು ನ್ಯಾಯದ ಜೊತೆ ಇದ್ದಾಗ. ಕನ್ನಡ ಮಾಧ್ಯಮದ ಶಾಲೆಗೆ ಕನ್ನಡ ಬಾರದ ಶಿಕ್ಷಕರನ್ನು ಕಳಿಸಿದರೆ ಅದನ್ನು ಪ್ರಶ್ನಿಸಲೇಬೇಕು, ಅಲ್ಲಿ ಅನ್ಯಾಯವಾಗುವುದು ಮಕ್ಕಳಿಗೆ. ಅದೇ ಸಿಟ್ಟನ್ನು ಪಕ್ಕದ ಮನೆಯ ಮಲಯಾಳಿ ಅಕ್ಕನ ಮೇಲೆ ತಿರುಗಿಸಿದರೆ ಅದು ಬಸವಣ್ಣನವರು ಹೇಳಿದ ಅಸಹ್ಯ ಪಡುವ ರೋಗ. ಕನ್ನಡ, ಮಲಯಾಳ, ತುಳು, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಎಲ್ಲ ಕೇಳಿಸುವ ಊರು ನಮ್ಮದು. ಮಂಜೇಶ್ವರದ ಗೋವಿಂದ ಪೈಗಳಿಗೆ 1949ರಲ್ಲಿ ರಾಷ್ಟ್ರಕವಿ ಪದವಿ ಕೊಟ್ಟದ್ದು ಮದ್ರಾಸ್ ಸರ್ಕಾರ. ಅವರು ಏಸುವಿನ ಕೊನೆಯ ದಿನದ ಮೇಲೂ ಬುದ್ಧನ ಕೊನೆಯ ದಿನದ ಮೇಲೂ ಕಾವ್ಯ ಬರೆದರು, ಕನ್ನಡದಲ್ಲೇ.

ಮಕ್ಕಳಿಗೆ ಇದನ್ನು ಹೇಗೆ ಕಲಿಸುವುದು?

ಉಪದೇಶ ಕಡಿಮೆ ಮಾಡಿ. ಕೈಗೆ ಜವಾಬ್ದಾರಿ ಕೊಡಿ. ಅಂಗಡಿಗೆ ಕಳಿಸಿ, ಚಿಲ್ಲರೆ ಲೆಕ್ಕ ಅವರೇ ಹೇಳಲಿ. ಅಂಗಡಿಯವರು ತಪ್ಪಿ ಹತ್ತು ರೂಪಾಯಿ ಜಾಸ್ತಿ ಕೊಟ್ಟರೆ ವಾಪಸ್ ಕೊಟ್ಟು ಬರುವುದು ಅವರದ್ದೇ ಕೆಲಸವಾಗಲಿ, ನೀವು ಹೋಗಬೇಡಿ. ಆಮೇಲೆ ಅದಕ್ಕೆ ಚಾಕಲೇಟು ಕೊಡಬೇಡಿ.

ಒಳ್ಳೆಯವರನ್ನು ಹತ್ತಿರದಿಂದ ತೋರಿಸಿ. ನಮ್ಮ ಬೇಳೇರಿಯ ಸತ್ಯನಾರಾಯಣರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿದವರು, 2024ರಲ್ಲಿ ಪದ್ಮಶ್ರೀ ಬಂತು. ಪದ್ಮಶ್ರೀಯ ಫೋಟೋ ತೋರಿಸಿದರೆ ಮಕ್ಕಳು ಕಲಿಯುವುದು ಪ್ರಶಸ್ತಿಯ ಆಸೆ. ಬೀಜ ಕೆಡಬಾರದು ಅಂತ ಪ್ರತಿ ತಳಿಯನ್ನೂ ಮತ್ತೆ ಮತ್ತೆ ಬಿತ್ತಿ, ಬೆಳೆದು, ಬೆರೆಯದ ಹಾಗೆ ಬೇರೆ ಬೇರೆ ತೆಗೆದಿಡಬೇಕು ಅನ್ನುವುದನ್ನು ಹೇಳಿ. ಸಾಧ್ಯವಾದರೆ ಮನೆಯ ಹಿಂದೆ ಒಂದೇ ಒಂದು ತಳಿ ಹಾಕಿ ನೋಡಲಿ.

ವಯಸ್ಸು ಐವತ್ತು ದಾಟಿತು. ಇನ್ನು ಬದಲಾಗಲು ಸಾಧ್ಯವಾ?

ಎಸೆದ ಕಲ್ಲನ್ನು ವಾಪಸ್ ತರಲಾಗದು ಅಂತ ಅರಿಸ್ಟಾಟಲ್ ಹೇಳಿದ್ದಾನೆ, ಅದನ್ನು ಓದಿ ತುಂಬ ಜನ ಬೇಸರ ಮಾಡಿಕೊಳ್ಳುತ್ತಾರೆ. ಅವನೇ ಕೊಟ್ಟ ಉಪಾಯವನ್ನೂ ಓದಿ. ನಿಮ್ಮ ಮನಸ್ಸು ಯಾವ ಕಡೆ ಎಳೆಯುತ್ತದೆ ಅಂತ ಮೊದಲು ನೋಡಿಕೊಳ್ಳಿ, ಆಮೇಲೆ ಬೇಕಂತಲೇ ಎದುರು ದಿಕ್ಕಿಗೆ ಎಳೆಯಿರಿ. ಡೊಂಕು ಮರವನ್ನು ನೇರ ಮಾಡುವವರು ಹಾಗೇ ಮಾಡುತ್ತಾರೆ ಅನ್ನುತ್ತಾನೆ.

ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ಕೈ ಬಿಗಿ ಅಂತ ಗೊತ್ತಿದ್ದರೆ ಈ ತಿಂಗಳು ಕೆಲಸದವರಿಗೆ ಅವರು ಕೇಳುವ ಮೊದಲೇ ಮಜೂರಿ ಕೊಟ್ಟು ಬಿಡಿ. ಬಾಯಿ ಜೋರು ಅಂತ ಗೊತ್ತಿದ್ದರೆ, ಮನೆಯಲ್ಲಿ ಮೊದಲು ಬೈಯುವುದು ಯಾರಿಗೆ ಅಂತ ನಿಮಗೇ ಗೊತ್ತು, ಅವರೊಬ್ಬರ ಹತ್ತಿರ ಮಾತ್ರ ಒಂದು ವಾರ ತಗ್ಗಿದ ಧ್ವನಿಯಲ್ಲಿ ಮಾತಾಡಿ. ಮೊದಲ ಎರಡು ಮೂರು ದಿನ ನಾಟಕ ಅನ್ನಿಸುತ್ತದೆ, ಮನೆಯವರಿಗೂ ಅನುಮಾನ ಬರುತ್ತದೆ. ಬರಲಿ, ಬಿಡಬೇಡಿ.